ಸದ್ದು, ನಿಶ್ಶಬ್ದ: ಪುಟ್ಟ ಮಕ್ಕಳ ನೃತ್ಯನಾಟಕದ ಕೆಲಸ ಎಲ್ಲಿಗೆ ಬಂದಿದೆ

ಮೂರರಿಂದ ಐದು ವರ್ಷದ ಮಕ್ಕಳಿಗಾಗಿ ಮೈಸೂರಿನಲ್ಲಿ ನಾವು ಕಟ್ಟುತ್ತಿರುವ ನೃತ್ಯನಾಟಕದ ಮೊದಲೆರಡು ಭಾಗಗಳು ಒಂದು ರೂಪಕ್ಕೆ ಬಂದಿವೆ; ಮೂರನೆಯದು ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ. ಇದರಲ್ಲಿ ಕಥೆಯಿಲ್ಲ, ಮಾತು ಇಲ್ಲವೆನ್ನುವಷ್ಟು ಕಡಿಮೆ. ಇಬ್ಬರು ನರ್ತಕಿಯರು, ಒಬ್ಬ ಮೃದಂಗ ವಾದಕರು, ಸುತ್ತ ಜಮಖಾನೆಯ ಮೇಲೆ ಕುಳಿತ ಮಕ್ಕಳು, ಇಷ್ಟೇ ಪರಿಕರ. ಕೆಲಸಕ್ಕೆ ಕೈ ಹಾಕುವಾಗಲೇ ನಾವೊಂದು ಷರತ್ತನ್ನು ಒಪ್ಪಿಕೊಂಡಿದ್ದೆವು: ಪ್ರಯೋಗ ನಡೆಯುವಷ್ಟು ಹೊತ್ತು ಆಡುವವರಾಗಲಿ, ಜೊತೆಗೆ ಬಂದ ಟೀಚರುಗಳಾಗಲಿ, ತಂದೆತಾಯಿಗಳಾಗಲಿ ಯಾವ ಮಗುವಿಗೂ ‘ಸುಮ್ಮನಿರು’ ಎನ್ನಕೂಡದು. ‘ಕೈ ಕಟ್ಟು, ಬಾಯಿ ಮೇಲೆ ಬೆರಳು’ ಎಂಬ ಅಪ್ಪಣೆಯಿಂದಲೇ ನಮ್ಮ ಮಕ್ಕಳಿಗೆ ನಿಶ್ಶಬ್ದದ ಪರಿಚಯವಾಗುವುದರಿಂದ, ಅದನ್ನು ಶಿಕ್ಷೆಯ ಲೆಕ್ಕದಿಂದ ಹೊರಗೆ ತಂದು, ನೋಡಿ ಆಡಬಹುದಾದ ಒಂದು ಸಂಗತಿಯನ್ನಾಗಿ ಮಾಡಬಹುದೇ ಎಂಬುದೇ ನಮ್ಮ ಹುಡುಕಾಟವಾಗಿದೆ.

ಮೈಸೂರಿಗೆ ಮಕ್ಕಳ ರಂಗಭೂಮಿ ಹೊಸದಲ್ಲ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣದ ಚಿಣ್ಣರ ಮೇಳಕ್ಕೆ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಳುಹಿಸುವುದು ಇಲ್ಲಿನ ಅನೇಕ ಮನೆಗಳ ರೂಢಿ. ಅಲ್ಲಿ ಆಡುವವರು ಮಕ್ಕಳು, ಅದೂ ಶಾಲೆಗೆ ಹೋಗುವ ವಯಸ್ಸಿನವರು. ಅದಕ್ಕಿಂತ ಕಿರಿಯರನ್ನು ಪ್ರೇಕ್ಷಕರೆಂದು ಗೌರವಿಸಿ, ಅವರಿಗೆಂದೇ ಪ್ರಯೋಗ ಕಟ್ಟುವ ಪದ್ಧತಿ ನಮ್ಮಲ್ಲಿ ವಿರಳ. ಇಟಲಿಯ ಬೊಲೋನ್ಯಾದಲ್ಲಿ 1976ರಲ್ಲಿ ಹುಟ್ಟಿದ ಲಾ ಬರಾಕ್ಕಾ ತಂಡವು ಶಿಶುವಿಹಾರದ ಮಕ್ಕಳಿಗಾಗಿ ಎಂಬತ್ತರ ದಶಕದಿಂದಲೇ ನಾಟಕವಾಡುತ್ತ ಬಂದಿದೆ. ಪ್ರೇಕ್ಷಕರ ಸಂಖ್ಯೆ ಮಿತವಾಗಿರಬೇಕು, ಪೂರ್ತಿ ಕತ್ತಲೆ ಮಾಡಬಾರದು, ನಟರು ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು ಎಂಬ ಈ ಕ್ಷೇತ್ರದ ಸಾಮಾನ್ಯ ತಿಳಿವಳಿಕೆಯನ್ನು ನಾವೂ ಅಳವಡಿಸಿಕೊಂಡಿದ್ದೇವೆ.

ಮೊದಲ ಭಾಗ: ತಟ್ಟು, ಬೀಸು

ರಚನೆಯ ಎಳೆ ದೊರೆತದ್ದು ನಮ್ಮದೇ ತಾಳಶಾಸ್ತ್ರದಲ್ಲಿ. ತಾಳದ ದಶಪ್ರಾಣಗಳೆಂಬ ಹತ್ತು ಅಂಶಗಳಲ್ಲಿ ಒಂದಾದ ಕ್ರಿಯೆಯನ್ನು, ಅಂದರೆ ತಾಳ ಹಾಕುವ ಕೈಚಲನೆಯನ್ನು, ಸಶಬ್ದ, ನಿಶ್ಶಬ್ದ ಎಂದು ಎರಡಾಗಿ ವಿಂಗಡಿಸಲಾಗಿದೆ: ಕೈ ತಟ್ಟುವ ಘಾತ ಸಶಬ್ದ, ಬೆರಳೆಣಿಕೆ ಮತ್ತು ಕೈ ಬೀಸುವ ವಿಸರ್ಜಿತ ನಿಶ್ಶಬ್ದ. ಆದಿತಾಳದ ಎಂಟು ಅಕ್ಷರಗಳನ್ನು ಹಾಕುವಾಗ ಲಘುವೆಂಬ ನಾಲ್ಕಕ್ಷರದ ಭಾಗಕ್ಕೆ ಒಂದು ತಟ್ಟು, ಮೂರು ಬೆರಳು; ದ್ರುತವೆಂಬ ಎರಡಕ್ಷರದ ಎರಡು ಭಾಗಗಳಿಗೆ ಒಂದೊಂದು ತಟ್ಟು, ಒಂದೊಂದು ಬೀಸು. ಅಂದರೆ ಎಂಟರಲ್ಲಿ ಕಿವಿಗೆ ಬೀಳುವುದು ಮೂರೇ, ಮಿಕ್ಕ ಐದನ್ನು ಕಣ್ಣಿನಿಂದ ನೋಡಬೇಕು ಇಲ್ಲವೇ ಮನಸ್ಸಿನಲ್ಲಿ ಎಣಿಸಬೇಕು. ಪಾಠದ ಮೊದಲ ದಿನಗಳಲ್ಲೇ ಕಲಿತು ಆಮೇಲೆ ಗಮನಿಸುವುದನ್ನೇ ಬಿಟ್ಟುಬಿಡುವ ಈ ಸಂಗತಿ, ನಿಶ್ಶಬ್ದಕ್ಕೂ ಒಂದು ಅಳತೆಯಿದೆ, ಆಕಾರವಿದೆ, ಅದನ್ನು ಕೈಯಿಂದ ಮಾಡಿ ತೋರಿಸಬಹುದು ಎಂಬ ಧೈರ್ಯವನ್ನು ನಮಗೆ ಕೊಟ್ಟಿತು.

ಮೂರು ವರ್ಷದವರಿಗೆ ಎಂಟು ಅಕ್ಷರ ದೀರ್ಘವಾಗುತ್ತದೆ. ಆದ್ದರಿಂದ ರೂಪಕತಾಳವನ್ನು ಚುಟುಕಾಗಿ ಹಾಕುವ ಮೂರೆಣಿಕೆಯನ್ನು ಆರಿಸಿಕೊಂಡೆವು: ತಟ್ಟು, ತಟ್ಟು, ಬೀಸು. ಬೀಸಿನ ಜಾಗದಲ್ಲಿ ಚಲನೆ ಮೊದಲು ಅಂಗೈಯಲ್ಲಿ ಮಾತ್ರ ಇರುತ್ತದೆ, ಕ್ರಮೇಣ ತೋಳಿಗೆ, ಭುಜಕ್ಕೆ, ಬೆನ್ನಿಗೆ ಏರಿ, ಕೊನೆಗೆ ಇಡೀ ದೇಹವೇ ಒಂದು ಬೀಸಾಗುತ್ತದೆ. ತಟ್ಟು ಎಲ್ಲ ಆವರ್ತಗಳಲ್ಲೂ ಅಷ್ಟೇ ಸಣ್ಣದಾಗಿ ಉಳಿಯುವುದರಿಂದ, ಸದ್ದಿಲ್ಲದ ಎಣಿಕೆಯೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣಿಸುತ್ತದೆ. ನೋಡಲು ಬಂದ ಮಕ್ಕಳು ಯಾರೂ ಹೇಳದೆಯೇ ತಟ್ಟಲು ಆರಂಭಿಸಿದರು. ಬೀಸಿನ ಹೊತ್ತಿಗೆ ಅವರಲ್ಲಿ ಹಲವರು ‘ಶೂಂ’ ಎಂದು ತಾವೇ ಒಂದು ಸದ್ದು ಸೇರಿಸಿದರು. ಶಾಸ್ತ್ರಕಾರರು ನಿಶ್ಶಬ್ದವೆಂದು ಕರೆದ ಜಾಗವನ್ನು ಈ ಪುಟಾಣಿಗಳು ಹೀಗೆ ತುಂಬಿದ್ದನ್ನು ತಡೆಯಲು ನಮಗೆ ಮನಸ್ಸಾಗಲಿಲ್ಲ. ಆ ‘ಶೂಂ’ಗೆ ಉತ್ತರವಾಗಿ ನರ್ತಕಿಯರು ಮುಂದಿನ ಬೀಸನ್ನು ಇನ್ನಷ್ಟು ನಿಧಾನ ಮಾಡುತ್ತಾರೆ.

ಎರಡನೆಯ ಭಾಗ: ಗೆಜ್ಜೆ ಮತ್ತು ಮೊರ

ಗೆಜ್ಜೆ ಕಂಚಿನದಾಗಿರಬೇಕು, ನೀಲಿ ದಾರದಲ್ಲಿ ಗಂಟು ಹಾಕಿ ಪೋಣಿಸಿರಬೇಕು, ಸಂಖ್ಯೆ ನೂರು ಅಥವಾ ಇನ್ನೂರು ಇರಬೇಕು ಎಂದು ಅಭಿನಯದರ್ಪಣವೆಂಬ ಹಳೆಯ ನಾಟ್ಯಗ್ರಂಥ ಹೇಳುತ್ತದೆ. ದೊಡ್ಡ ರಂಗಮಂಚಕ್ಕೆ ಒಪ್ಪುವ ಈ ಲೆಕ್ಕ, ಪ್ರೇಕ್ಷಕರು ಮಾರು ದೂರದಲ್ಲಿ ಕೂರುವ ಸಣ್ಣ ಕೋಣೆಗೆ ವಿಪರೀತವೆನಿಸುತ್ತದೆ. ಮೂರನೇ ಕಾಲದ, ಅಂದರೆ ಅತಿ ವೇಗದ, ತಟ್ಟಡವು (ಭರತನಾಟ್ಯದಲ್ಲಿ ಪಾದ ತಟ್ಟುವ ಹೆಜ್ಜೆ) ಅಲ್ಲಿ ಕಿವಿಗೆ ಅಪ್ಪಳಿಸುತ್ತದೆ. ಹಾಗಾಗಿ ಒಬ್ಬ ನರ್ತಕಿಗೆ ಮಾತ್ರ, ಒಂದೇ ಕಾಲಿಗೆ, ಒಂದೇ ಸಾಲಿನ ಗೆಜ್ಜೆ ಕಟ್ಟಿದ್ದೇವೆ. ಅದು ಉಲಿಯದಂತೆ ಕೋಣೆಯನ್ನು ದಾಟುವುದೇ ಆಕೆಯ ಆಟ. ಮೊಣಕಾಲು ಮಡಿಸಿದ ಅರಮಂಡಿಯಲ್ಲಿ ನಿಂತು ಇಡೀ ಪಾದವನ್ನು ನೆಲಕ್ಕೆ ಸ್ಪಷ್ಟವಾಗಿ ಬಡಿಯಲು ವರ್ಷಗಟ್ಟಲೆ ಪಳಗಿದ ಕಾಲಿಗೆ ಇದು ತೀರ ಉಲ್ಟಾ ಅಭ್ಯಾಸ: ಹಿಮ್ಮಡಿಯನ್ನು ಮೊದಲು ಊರಿ, ಪಾದದ ಹೊರ ಅಂಚಿನ ಮೇಲೆ ಭಾರವನ್ನು ಉರುಳಿಸಿ, ಮೊಣಕಾಲನ್ನು ಬಿಗಿಯದೆ, ಕಣಕಾಲು ಅಲುಗದಂತೆ ಹೆಜ್ಜೆ ಎತ್ತಿದರೆ ಮಾತ್ರ ಗೆಜ್ಜೆಯೊಳಗಿನ ಗುಂಡು ಕದಲುವುದಿಲ್ಲ. ಎಲ್ಲೋ ಒಂದು ‘ಝಣ್’ ಎಂದರೆ ಮಕ್ಕಳು ನಗುತ್ತಾರೆ, ಮರುಹೆಜ್ಜೆಗೆ ಮತ್ತೆ ಉಸಿರು ಬಿಗಿ ಹಿಡಿಯುತ್ತಾರೆ. ಪೂರ್ತಿ ಸದ್ದಿಲ್ಲದೆ ದಾಟಿದ ಸರದಿಗಿಂತ ನಡುವೆ ಒಮ್ಮೆ ಗೆಜ್ಜೆ ಉಲಿದ ಸರದಿಯೇ ಹೆಚ್ಚು ಕಳೆಗಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಬೇಕೆಂದೇ ಉಲಿಸಿದರೆ ಮಕ್ಕಳಿಗೆ ಹೇಗೋ ಗೊತ್ತಾಗಿಬಿಡುತ್ತದೆ.

ಎರಡನೆಯ ನರ್ತಕಿಯ ಕೈಯಲ್ಲಿರುವುದು ಮೊರ. ಒಂದು ಅಂಚನ್ನು ಮೆಲ್ಲಗೆ ಎತ್ತಿದಾಗ ರಾಗಿ ಮಳೆ ಬಂದಂತೆ ಒಂದೇ ಸಮನೆ ಸರಿಯುತ್ತದೆ. ಹೆಸರುಕಾಳು ಬಿಡಿಬಿಡಿಯಾಗಿ ಉರುಳುತ್ತದೆ. ಒಣಗಿದ ಅವರೆಕಾಳು ಬಿದಿರಿಗೆ ಬಡಿದು ಟಪಟಪ ಎನ್ನುತ್ತದೆ. ದಿನಬಳಕೆಯ ವಸ್ತುಗಳ ಸದ್ದನ್ನು ರಂಗಸಂಗೀತದೊಳಕ್ಕೆ ತಂದ ಕಾರಂತರ ದಾರಿ ಕಣ್ಣೆದುರಿಗೇ ಇರುವುದರಿಂದ ಇದನ್ನು ನಮ್ಮ ಆವಿಷ್ಕಾರವೆಂದು ಹೇಳಿಕೊಳ್ಳುವಂತಿಲ್ಲ. ನಾವು ಸೇರಿಸಿದ್ದು ಒಂದು ಬಟ್ಟೆ ಮಾತ್ರ: ಈ ವಯಸ್ಸಿನವರು ಕಾಳನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳುವ ಅಪಾಯವಿರುವುದರಿಂದ, ಮೊರದ ಬಾಯಿಗೆ ತೆಳುವಾದ ಮಲ್ ಬಟ್ಟೆಯನ್ನು ಬಿಗಿಯಾಗಿ ಹೊಲಿಸಿದ್ದೇವೆ. ಇದರಿಂದ ಸದ್ದು ತುಸು ಮೃದುವಾಯಿತು, ಕಾಳು ಸರಿಯುವುದು ಮಬ್ಬಾಗಿ ಕಾಣುತ್ತದೆ, ಮಗು ಮೊರವನ್ನು ತಾನೇ ಹಿಡಿದು ಅಲ್ಲಾಡಿಸಲೂಬಹುದು.

ಫ್ಯಾನು

ಅಭ್ಯಾಸದ ಹಾಲ್‌ನಲ್ಲಿ ಎಷ್ಟೇ ಪ್ರಯತ್ನಿಸಿದರೂ ನಿಶ್ಶಬ್ದವೆನ್ನುವಂಥದ್ದು ಒದಗಿ ಬರುತ್ತಿರಲಿಲ್ಲ, ಏಕೆಂದರೆ ತಲೆಯ ಮೇಲೆ ಎರಡು ಸೀಲಿಂಗ್ ಫ್ಯಾನುಗಳು ತಿರುಗುತ್ತಿದ್ದವು. ಅವನ್ನು ಆರಿಸಿಟ್ಟೇ ಆರಂಭಿಸಿದರೆ ಸೆಕೆಗೆ ಮಕ್ಕಳು ಚಡಪಡಿಸುತ್ತಿದ್ದರು. ಈಗ ಫ್ಯಾನೇ ಒಂದು ಪಾತ್ರ. ಎರಡನೆಯ ಭಾಗದ ಕೊನೆಗೆ ಮೃದಂಗದವರು ಎದ್ದು ಹೋಗಿ ಎಲ್ಲರಿಗೂ ಕಾಣುವಂತೆ ಸ್ವಿಚ್ ಆರಿಸುತ್ತಾರೆ. ರೆಕ್ಕೆಗಳು ನಿಧಾನವಾದಂತೆ ಕೆಳಗೆ ಸುತ್ತುತ್ತಿರುವ ನರ್ತಕಿಯರೂ ನಿಧಾನವಾಗುತ್ತ, ಅವು ನಿಂತ ಕ್ಷಣಕ್ಕೆ ತಾವೂ ನಿಲ್ಲುತ್ತಾರೆ. ಅಲ್ಲಿಯವರೆಗೆ ಯಾರ ಗಮನಕ್ಕೂ ಬಾರದಿದ್ದ ಗುಂಯ್‌ಗುಡುವಿಕೆ ನಿಂತದ್ದರಿಂದಲೇ ಅದು ಇತ್ತೆಂಬುದು ಅರಿವಿಗೆ ಬರುತ್ತದೆ. ಆ ಬಳಿಕ ಪಕ್ಕದ ಮನೆಯ ಕುಕ್ಕರ್ ಕೂಗಿದ್ದು, ಬೀದಿಯಲ್ಲಿ ಸೊಪ್ಪಿನವಳು ಹೋದದ್ದು, ಯಾರದೋ ಮೂಗು ಸೊರಗುಟ್ಟಿದ್ದು ಎಲ್ಲವೂ ಕೇಳುತ್ತವೆ, ಮಕ್ಕಳು ಒಂದೊಂದನ್ನೂ ಬೆರಳು ತೋರಿಸಿ ಹೆಸರಿಸುತ್ತಾರೆ. ಸೆಕೆ ತಡೆಯುವಷ್ಟು ಹೊತ್ತು ಮಾತ್ರ ಇದನ್ನು ನಡೆಸಿ ಮತ್ತೆ ಫ್ಯಾನು ಹಾಕುತ್ತೇವೆ.

ಫ್ಯಾನಿನ ವಿಷಯ ಇನ್ನೊಂದು ಕಾರಣಕ್ಕೂ ಮುಖ್ಯವಾಯಿತು. 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಈ ಊರಿನಲ್ಲಿ ಶ್ರವಣ ಸಾಧನ ಧರಿಸಿದ ಪುಟ್ಟ ಮಕ್ಕಳು ಎಲ್ಲರಿಗೂ ಪರಿಚಿತರು. ನೋಡಲು ಬಂದವರಲ್ಲೂ ಅಂಥವರಿದ್ದರು. ಸಾಧನವು ಬೇಕಾದ ಸದ್ದಿನೊಂದಿಗೆ ಹಿನ್ನೆಲೆಯ ಗದ್ದಲವನ್ನೂ ಎತ್ತಿ ಕೊಡುವುದರಿಂದ, ಫ್ಯಾನಿನ ಕೆಳಗೆ ರಾಗಿಯ ಸದ್ದು ಅವರಿಗೆ ಮುಳುಗಿಹೋಗುತ್ತದೆ. ಹಾಗಾಗಿ ಮೊರದ ಭಾಗವನ್ನು ಫ್ಯಾನು ನಿಂತ ಮೇಲಿನ ಹೊತ್ತಿಗೆ ಸರಿಸಿದ್ದೇವೆ. ನೆಲಕ್ಕೆ ಮರದ ಹಲಗೆ ಹಾಸಿ, ಅದರ ಅಂಚಿನ ಮೇಲೆ ಮಕ್ಕಳು ಅಂಗೈ ಊರಿಕೊಳ್ಳುವಂತೆ ಮಾಡಿರುವುದರಿಂದ ತಟ್ಟಡವಿನ ನಡುಕ ಕೈಗೂ ತಲುಪುತ್ತದೆ. ಇದು ಕಿವಿ ಚೆನ್ನಾಗಿರುವವರಿಗೂ ಅಷ್ಟೇ ಇಷ್ಟವಾಯಿತು.

ಬಾಕಿ ಉಳಿದದ್ದು

ಮೂರನೆಯ ಭಾಗದಲ್ಲಿ ಮಕ್ಕಳು ಹಲಗೆಯ ಮೇಲಕ್ಕೆ ಬರುತ್ತಾರೆ. ಅವರು ಬಂದ ಮೇಲೆ ಹೇಗೆ ಮುಗಿಸಬೇಕೆಂಬುದರಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿದೆ. ಮೃದಂಗದವರಿಗೆ ಒಂದು ತೀರ್ಮಾನ (ಮೂರು ಸಲ ನುಡಿಸುವ ಮುಕ್ತಾಯದ ಜತಿ) ನುಡಿಸಿ ಎಲ್ಲರನ್ನೂ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ತರುವ ಆಸೆ. ಮಕ್ಕಳ ಓಡಾಟ ತಾನಾಗಿ ಇಳಿಯುವವರೆಗೆ ಕಾಯಬೇಕೆಂಬುದು ನನ್ನ ವಾದ. ಮುಂದಿನ ಪ್ರದರ್ಶನಗಳಲ್ಲಿ ಎರಡನ್ನೂ ಆಡಿ ನೋಡುತ್ತೇವೆ. ಅಂಗನವಾಡಿಗಳ ಸಿಮೆಂಟ್ ನೆಲ ನಡುಕವನ್ನು ದಾಟಿಸುವುದಿಲ್ಲವಾದ್ದರಿಂದ ಆಟೋದಲ್ಲಿ ಸಾಗಿಸಬಹುದಾದ, ಜೋಡಿಸಿ ಬಿಚ್ಚುವ ಹಲಗೆಗಳನ್ನು ಬಡಗಿಯವರಿಗೆ ಹೇಳಿದ್ದೇವೆ. ‘ಸುಮ್ಮನಿರು’ ಎನ್ನಬಾರದೆಂಬ ಷರತ್ತನ್ನು ಟೀಚರುಗಳಿಗೆ ಮೊದಲೇ ತಿಳಿಸುವ ಅರ್ಧ ಪುಟದ ಚೀಟಿಯ ಕರಡು ಸಿದ್ಧವಾಗಿದೆ. ಅದರ ಧಾಟಿ ಉಪದೇಶದಂತಾಗದ ಹಾಗೆ ಇನ್ನೊಮ್ಮೆ ತಿದ್ದಬೇಕು.