ಆರು ದಿನ ತಪ್ಪಿತು ಅಂದರೆ, ಯಾವ ಆರು ದಿನ?

ಎಚ್‌ಐವಿ ವೈರಸ್ಸು ಔಷಧಿಗೆ ಬಗ್ಗದ ಹಾಗೆ ಹೇಗೆ ಬದಲಾಗುತ್ತದೆ ಅನ್ನುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಪುಣೆಗೆ ಬಂದಾಗಿನಿಂದ ಇದನ್ನೇ ಮಾಡುತ್ತಿದ್ದೇನೆ. ಇಲ್ಲಿನ ನಮ್ಮ ಕನ್ನಡದವರು ಸಿಕ್ಕಾಗ, ಅದರಲ್ಲೂ ಗಣೇಶ ಹಬ್ಬದ ಸಮಯದಲ್ಲಿ ಎಲ್ಲರೂ ಒಟ್ಟಿಗೆ ಕೂತಾಗ, ಒಂದು ಪ್ರಶ್ನೆ ಬಂದೇ ಬರುತ್ತದೆ: ರಕ್ತ ಪರೀಕ್ಷೆ ಮಾಡದೆ, ವೈರಸ್ಸನ್ನು ಕಣ್ಣಲ್ಲಿ ನೋಡದೆ, ಸುಮ್ನೆ ಲೆಕ್ಕ ಹಾಕಿದರೆ ಏನು ಗೊತ್ತಾಗುತ್ತದೆ? ಬಹಳ ಗೊತ್ತಾಗುತ್ತದೆ. ಪೂರ್ತಿ ಹೇಳುವಷ್ಟು ಹೊತ್ತು ಅಲ್ಲಿ ಸಿಗುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವೈರಸ್ಸಿನ ವೇಗ. 1995ರ ತನಕ ಬಹಳ ಜನ ವೈದ್ಯರು ಅಂದುಕೊಂಡಿದ್ದು, ಸೋಂಕು ತಗಲಿ ಕಾಯಿಲೆ ಕಾಣಿಸಿಕೊಳ್ಳುವವರೆಗಿನ ವರ್ಷಗಳಲ್ಲಿ ಎಚ್‌ಐವಿ ಹೆಚ್ಚುಕಡಿಮೆ ಸುಮ್ಮನೆ ಇರುತ್ತದೆ ಅಂತ. ಆಮೇಲೆ ಅಮೆರಿಕದ ವೈದ್ಯ ವಿಜ್ಞಾನಿ ಡೇವಿಡ್ ಹೋ ಅವರ ತಂಡ ರೋಗಿಗಳಿಗೆ ರಿಟೋನಾವಿರ್ ಅನ್ನುವ ಎಚ್‌ಐವಿ ಔಷಧಿ ಕೊಟ್ಟು, ರಕ್ತದಲ್ಲಿ ವೈರಸ್ ಎಷ್ಟು ಬೇಗ ಇಳಿಯುತ್ತದೆ ಅಂತ ಅಳೆಯಿತು. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಅಲನ್ ಪೆರೆಲ್ಸನ್ ಆ ಇಳಿಕೆಯ ಗೆರೆಗೆ ಸಮೀಕರಣ ಹೊಂದಿಸಿದರು. ಆರೋಗ್ಯವಾಗಿರುವ ಕೋಶ ಎಷ್ಟು, ಸೋಂಕು ತಗಲಿದ ಕೋಶ ಎಷ್ಟು, ಹೊರಗೆ ಓಡಾಡುವ ವೈರಸ್ ಎಷ್ಟು, ಇಷ್ಟೇ. 1996ರಲ್ಲಿ ಬಂದ ಉತ್ತರ: ಒಬ್ಬರ ದೇಹದಲ್ಲಿ ದಿನಕ್ಕೆ ಸುಮಾರು ಒಂದು ಸಾವಿರ ಕೋಟಿ ಹೊಸ ವೈರಸ್ ಹುಟ್ಟುತ್ತವೆ, ಅಷ್ಟೇ ಸಾಯುತ್ತವೆ. ಒಂದು ತಲೆಮಾರಿಗೆ ಸುಮಾರು ಎರಡೂವರೆ ದಿನ. ಕೇವಲ ಐದು ಜನ ರೋಗಿಗಳ ಅಳತೆ ಮತ್ತು ಒಂದಿಷ್ಟು ಗಣಿತದಿಂದ ಬಂದ ಮಾತಿದು. ನಾನು ಈ ಕ್ಷೇತ್ರಕ್ಕೆ ಬರಲು ಕಾರಣವೂ ಇದೇ ಲೆಕ್ಕ.

ಎಚ್‌ಐವಿಯ ಜೀನೋಮ್, ಅಂದರೆ ಅದರ ಪೂರ್ತಿ ಆನುವಂಶಿಕ ಬರಹ, ಹತ್ತಿರ ಹತ್ತಿರ 9,700 ಅಕ್ಷರ. ಅದನ್ನು ನಕಲು ಮಾಡುವ ಕಿಣ್ವಕ್ಕೆ ತನ್ನ ತಪ್ಪನ್ನು ತಿದ್ದಿಕೊಳ್ಳುವ ಶಕ್ತಿ ಇಲ್ಲ. ಒಂದು ಗೊತ್ತಾದ ಜಾಗದಲ್ಲಿ ಒಂದು ಗೊತ್ತಾದ ತಪ್ಪು ಆಗುವ ಸಾಧ್ಯತೆ ಸುಮಾರು ಲಕ್ಷಕ್ಕೊಂದು ಅಂತಿಟ್ಟುಕೊಳ್ಳಿ. ಹುಟ್ಟುವ ವೈರಸ್ಸುಗಳಲ್ಲಿ ಹೆಚ್ಚಿನವು ಯಾವ ಕೋಶಕ್ಕೂ ಹೋಗದೆ ಸಾಯುತ್ತವೆ, ಹಾಗಾಗಿ ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನಕ್ಕೆ ಒಂದು ಕೋಟಿ ಕೋಶಕ್ಕೆ ಹೊಸದಾಗಿ ಸೋಂಕು ತಗಲುತ್ತದೆ ಅಂತ ಹಿಡಿಯೋಣ. ಈಗ ಪೆನ್ನು ಕಾಗದ ಸಾಕು. ಒಂದೇ ಬದಲಾವಣೆಯಿಂದ ಸೋಲುವ ಔಷಧಿ ಕೊಟ್ಟರೆ, ಆ ಬದಲಾವಣೆ ಇರುವ ಕೋಶ ಆ ದೇಹದಲ್ಲಿ ದಿನಕ್ಕೆ ನೂರು ಹುಟ್ಟುತ್ತವೆ. ಔಷಧಿ ಕೊಡುವ ಮೊದಲೇ! ಲ್ಯಾಮಿವುಡಿನ್ ಒಂದನ್ನೇ ಕೊಟ್ಟಾಗ ಕೆಲವೇ ವಾರಗಳಲ್ಲಿ ಕೆಲಸ ಮಾಡದೆ ಹೋಗಿದ್ದು ಹೀಗೆ. ನಕಲು ಮಾಡುವ ಆ ಕಿಣ್ವದ 184ನೇ ಜಾಗದಲ್ಲಿ ಮೆಥಿಯೊನಿನ್ ಅನ್ನುವ ಅಮೈನೋ ಆಮ್ಲ ಹೋಗಿ ವ್ಯಾಲಿನ್ ಅನ್ನುವುದು ಬಂದರೆ ಸಾಕು. ಎರಡು ಬದಲಾವಣೆ ಒಟ್ಟಿಗೆ ಆಗಬೇಕೆಂದರೆ ಲಕ್ಷಕ್ಕೆ ಲಕ್ಷ ಗುಣಿಸಬೇಕು, ಆಗ ಸಾವಿರ ದಿನಕ್ಕೆ ಒಂದು ಸಲ. ಮೂರು ಒಟ್ಟಿಗೆ ಅಂದರೆ ಹತ್ತು ಕೋಟಿ ದಿನಕ್ಕೆ ಒಂದು ಸಲ, ಅಂದರೆ ಎರಡೂವರೆ ಲಕ್ಷ ವರ್ಷಕ್ಕೂ ಜಾಸ್ತಿ. ನಾವು ಕಂಪ್ಯೂಟರಿನಲ್ಲಿ ಓಡಿಸುವ ನಿಜವಾದ ಗಣಿತದ ಮಾದರಿಗಳಲ್ಲಿ ಇನ್ನೂ ಎಷ್ಟೋ ಸಂಗತಿ ಸೇರುತ್ತವೆ, ಆದರೆ 1996ರ ನಂತರ ಮೂರು ಔಷಧಿ ಒಟ್ಟಿಗೆ ಕೊಟ್ಟಿದ್ದು ಯಾಕೆ ಅಷ್ಟೊಂದು ಜೀವ ಉಳಿಸಿತು ಅನ್ನುವುದಕ್ಕೆ ಈ ಗುಣಾಕಾರವೇ ಸಾಕು. ಅದಕ್ಕೂ ಮೊದಲು, 1987ರಲ್ಲಿ ಜಿಡೋವುಡಿನ್ ಬಂದಾಗಿನಿಂದ, ಒಂದಾದ ಮೇಲೆ ಒಂದರಂತೆ ಔಷಧಿ ಕೊಡುತ್ತಿದ್ದರು. ವೈರಸ್ಸಿಗೆ ಮೂರು ಮೆಟ್ಟಿಲನ್ನು ಒಂದೇ ಸಲ ಹಾರಬೇಕಾಗಲಿಲ್ಲ, ಒಂದೊಂದಾಗಿ ಹತ್ತಿತು.

ಮೂರು ಔಷಧಿ ಕೊಟ್ಟ ಮೇಲೂ ಕೆಲವರಲ್ಲಿ ಪ್ರತಿರೋಧ, ಅಂದರೆ ಔಷಧಿಗೆ ಬಗ್ಗದ ವೈರಸ್, ಬರುತ್ತದಲ್ಲ, ಯಾಕೆ? ನನಗೆ ಹೇಳಬೇಕಾಗಿರುವುದು ಇಲ್ಲಿಂದ ಮುಂದಿನದು.

ಗುಳಿಗೆ ಎಷ್ಟು ಸರಿಯಾಗಿ ನುಂಗಿದರು ಅನ್ನುವುದನ್ನು ಎಲ್ಲ ಕಡೆ ಶೇಕಡಾದಲ್ಲಿ ಬರೆದಿಡುತ್ತಾರೆ. 60 ದಿನದಲ್ಲಿ 54 ದಿನ ನುಂಗಿದರೆ ಶೇ 90. ನನ್ನ ಮಾದರಿಯಲ್ಲಿ ಇಬ್ಬರು ಕಲ್ಪನೆಯ ರೋಗಿಗಳನ್ನು ಕೂರಿಸುತ್ತೇನೆ. ಇಬ್ಬರದೂ ಶೇ 90. ಇಬ್ಬರೂ ನುಂಗುವುದು ನಮ್ಮ ದೇಶದಲ್ಲಿ ವರ್ಷಗಟ್ಟಲೆ ಕೊಟ್ಟ ಜಿಡೋವುಡಿನ್, ಲ್ಯಾಮಿವುಡಿನ್, ನೆವಿರಪಿನ್. ಮೊದಲನೆಯವರು ಅಲ್ಲೊಂದು ಇಲ್ಲೊಂದು ದಿನ ಬಿಡುತ್ತಾರೆ. ದೇಹದಲ್ಲಿ ಔಷಧಿ ಎಷ್ಟಿದೆ ಅಂತ ತೋರಿಸುವ ಗೆರೆ ಒಂದು ದಿನ ತಗ್ಗಿ ಮತ್ತೆ ಏರುತ್ತದೆ, ವೈರಸ್ಸಿಗೆ ಒಂದು ತಲೆಮಾರು ಮುಗಿಸುವಷ್ಟೂ ಬಿಡುವು ಸಿಗುವುದಿಲ್ಲ.

ಎರಡನೆಯವರು ಸಾಲಾಗಿ ಆರು ದಿನ ಬಿಡುತ್ತಾರೆ. ಪರದೆಯ ಮೇಲೆ ಮೂರು ಔಷಧಿಗೂ ಮೂರು ಬಣ್ಣದ ಗೆರೆ. ಜಿಡೋವುಡಿನ್ ಗೆರೆ ಮೊದಲ ದಿನದಲ್ಲೇ ತಳಕ್ಕೆ ಬೀಳುತ್ತದೆ. ಲ್ಯಾಮಿವುಡಿನ್ ಅದಾದ ಸ್ವಲ್ಪ ಹೊತ್ತಿಗೆ. ನೆವಿರಪಿನ್ ಮಾತ್ರ ನಿಧಾನಕ್ಕೆ ಇಳಿಯುತ್ತದೆ, ಅದರ ಅರ್ಧ ಕರಗಲಿಕ್ಕೇ ಒಂದು ದಿನಕ್ಕಿಂತ ಜಾಸ್ತಿ ಬೇಕು. ಮೂರನೇ ದಿನದ ಹೊತ್ತಿಗೆ ದೇಹದಲ್ಲಿ ಉಳಿದಿರುವುದು ಅದೊಂದೇ. ಮೂರು ಔಷಧಿಯ ಚಿಕಿತ್ಸೆ ಯಾರಿಗೂ ಗೊತ್ತಾಗದ ಹಾಗೆ ಒಂದೇ ಔಷಧಿಯ ಚಿಕಿತ್ಸೆ ಆಗಿಬಿಟ್ಟಿತು! ಆ ಒಂದನ್ನು ಸೋಲಿಸಲು ಅದೇ ಕಿಣ್ವದ 103ನೇ ಜಾಗದ ಒಂದು ಬದಲಾವಣೆ ಸಾಕು, ಅದರಿಂದ ವೈರಸ್ಸಿಗೆ ಹೆಚ್ಚು ನಷ್ಟವೂ ಇಲ್ಲ. ಮಾಮೂಲಿ ವೈರಸ್ಸನ್ನು ತಡೆಯುವಷ್ಟು ಔಷಧಿ ಇದೆ, ಬದಲಾದ ವೈರಸ್ಸನ್ನು ತಡೆಯುವಷ್ಟು ಇಲ್ಲ. ಇಂಥ ಹೊತ್ತಿನಲ್ಲೇ ಬದಲಾದದ್ದು ಮುಂದೆ ಬರುತ್ತದೆ. ಬಂದ ಮೇಲೆ ಹೋಗುವುದೂ ಇಲ್ಲ. ನಿದ್ದೆಯಲ್ಲಿರುವ ಕೋಶಗಳಲ್ಲಿ ಅದರ ನಕಲು ವರ್ಷಾನುಗಟ್ಟಲೆ ಉಳಿಯುತ್ತದೆ. ಸಿಮ್ಯುಲೇಶನ್ ಸಾವಿರಾರು ಸಲ ಓಡಿಸಿದಾಗ ಪ್ರತಿ ಸಲವೂ ಹೀಗೇ ಆಗುವುದಿಲ್ಲ, ಹುಟ್ಟು ಸಾವೆಲ್ಲ ಆಕಸ್ಮಿಕ. ಆದರೆ ಎರಡನೆಯವರಲ್ಲಿ ಪ್ರತಿರೋಧ ಬರುವುದು ಮೊದಲನೆಯವರಿಗಿಂತ ಜಾಸ್ತಿ. ಶೇಕಡಾ ಎರಡೂ ಕಡೆ ಅಷ್ಟೇ ಇತ್ತು, ಅಲ್ವಾ?

ಸಾಲಾಗಿ ಆರು ದಿನ ಯಾಕೆ ತಪ್ಪುತ್ತದೆ ಅನ್ನುವುದನ್ನು ಕಂಪ್ಯೂಟರ್ ಹೇಳುವುದಿಲ್ಲ. ಅದನ್ನು ನನಗೆ ಹೇಳಿದ್ದು ಇಲ್ಲಿ ಆರೋಗ್ಯ ಕಾರ್ಯಕರ್ತೆಯಾಗಿರುವ ವಿಜಯಪುರದ ಕಡೆಯ ಒಬ್ಬ ಅಕ್ಕ. ಪುಣೆಯ ಸುತ್ತ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ಎಷ್ಟೋ ಕುಟುಂಬಗಳಿವೆ. ಗುಳಿಗೆಯ ವಿಷಯ ಮರಾಠಿಯಲ್ಲಿ ಹೇಳಿದರೆ ತಲೆಯಾಡಿಸಿ ಹೋಗುವವರ ಹತ್ತಿರ ಈ ಅಕ್ಕ ಕನ್ನಡದಲ್ಲಿ ಕೂತು ಮಾತಾಡುತ್ತಾರೆ. "ಕಾಕಾ, ಜಾತ್ರಿಗೆ ಊರಿಗೆ ಹೊಂಟ್ರಿ ಅಂದ್ರ ಗುಳಿಗಿ ಡಬ್ಬಿ ಮೊದ್ಲ ಚೀಲದಾಗ ಇಟ್ಕೋರಿ" ಅಂದಿದ್ದಕ್ಕೆ ಒಬ್ಬರು ಹೇಳಿದರಂತೆ, "ಇಟ್ಕೋತೀನವ್ವಾ, ಆದ್ರ ಅಲ್ಲಿ ಎಲ್ಲಾರ ಮುಂದ ಹ್ಯಾಂಗ ನುಂಗ್ಲಿ?" ಒಂದೇ ಕೋಣೆಯ ಮನೆ, ತುಂಬ ನೆಂಟರು, ಡಬ್ಬಿ ನೋಡಿದ ಕೂಡಲೇ "ಎದರ ಗುಳಿಗಿ?" ಅಂತ ಕೇಳುವವರು. ನಾನು ಕೋಡಿನಲ್ಲಿ ಸಲೀಸಾಗಿ ಬರೆಯುವ "ಸಾಲಾಗಿ ಆರು ದಿನ" ಅಂದರೆ ಇದು. ಇಂಥವರನ್ನು "ನಿರ್ಲಕ್ಷ್ಯ" ಅಂತ ಬೈದು ಕಳಿಸುವುದನ್ನು ಕೇಳಿದಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಭಾರತದಲ್ಲಿ 2004ರಿಂದ ಈ ಔಷಧಿ ಸರ್ಕಾರದಿಂದ ಉಚಿತ. ದುಡ್ಡಿನ ತೊಂದರೆ ಇಲ್ಲದಿದ್ದರೂ ನುಂಗಲು ಒಂದು ಮರೆ ಬೇಕು. ಊರಲ್ಲಿ ಜಾಸ್ತಿ ದಿನ ಇರುವುದಾದರೆ ಅಲ್ಲಿನ ಎಆರ್‌ಟಿ ಕೇಂದ್ರಕ್ಕೆ (ಎಚ್‌ಐವಿ ಔಷಧಿ ಕೊಡುವ ಸರ್ಕಾರಿ ಕೇಂದ್ರ) ವರ್ಗ ಮಾಡಿಸಿಕೊಳ್ಳಬಹುದು, ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಫೋನ್ ಮಾಡಿ ಕೇಳಬಹುದು. ಇದು ಗೊತ್ತಿಲ್ಲದವರು ಬಹಳ ಜನ ಇದ್ದಾರೆ.

ನುಂಗುವುದು ನಿಂತ ಮೇಲೂ ಔಷಧಿ ನಿಧಾನಕ್ಕೆ ಇಳಿಯುತ್ತ ಉಳಿಯುವುದನ್ನು ಬಾಲ ಅನ್ನುತ್ತೇವೆ; ಈ ಬಾಲದ ತೊಂದರೆ ಕಾಗದದ ಮೇಲಿನದಷ್ಟೇ ಅಲ್ಲ. ಹೆರಿಗೆ ಸಮಯದಲ್ಲಿ ತಾಯಿಗೆ ಒಂದೇ ಒಂದು ನೆವಿರಪಿನ್ ಗುಳಿಗೆ ಕೊಟ್ಟು ಮಗುವಿಗೆ ಸೋಂಕು ತಗಲುವುದನ್ನು ಕಡಿಮೆ ಮಾಡುವ ಕ್ರಮ ಇತ್ತು. ಮಕ್ಕಳಿಗೆ ದೊಡ್ಡ ಉಪಕಾರ ಆಯಿತು. ಆದರೆ ಆ ಒಂದು ಗುಳಿಗೆ ತಾಯಿಯ ರಕ್ತದಲ್ಲಿ ವಾರಗಟ್ಟಲೆ ಉಳಿದು, ಎಷ್ಟೋ ತಾಯಂದಿರಲ್ಲಿ ನೆವಿರಪಿನ್‌ಗೆ ಬಗ್ಗದ ವೈರಸ್ ಬಂತು. ಅದಕ್ಕೇ 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆರಿಗೆಯ ನಂತರ ಏಳು ದಿನ ಜಿಡೋವುಡಿನ್ ಮತ್ತು ಲ್ಯಾಮಿವುಡಿನ್ ಕೊಟ್ಟು ಆ ಬಾಲವನ್ನು ಮುಚ್ಚಿ ಅಂತ ಹೇಳಿತು.

ಈಗ ನಮ್ಮಲ್ಲಿ ಕೊಡುವ ಡೊಲುಟೆಗ್ರಾವಿರ್ ಇದಕ್ಕಿಂತ ಎಷ್ಟೋ ಗಟ್ಟಿ. ಒಂದು ಬದಲಾವಣೆಯಿಂದ ಅದು ಸುಲಭಕ್ಕೆ ಸೋಲುವುದಿಲ್ಲ. ಸಮಾಧಾನದ ವಿಷಯ. ತಿಂಗಳುಗಟ್ಟಲೆ ಕೆಲಸ ಮಾಡುವ ಇಂಜೆಕ್ಷನ್‌ಗಳೂ ಬಂದಿವೆ, ಕ್ಯಾಬೊಟೆಗ್ರಾವಿರ್ ಎರಡು ತಿಂಗಳಿಗೊಮ್ಮೆ, ಲೆನಕಪಾವಿರ್ ಆರು ತಿಂಗಳಿಗೊಮ್ಮೆ. ನೆಂಟರ ಮುಂದೆ ಡಬ್ಬಿ ತೆಗೆಯುವ ಕಷ್ಟ ಕಡಿಮೆಯಾಗಬಹುದು, ಆ ಕಾಕಾನಂಥವರಿಗೆ ಇದಕ್ಕಿಂತ ಒಳ್ಳೆಯದು ಏನಿದೆ! ಆದರೆ ಇವುಗಳ ಬಾಲ ಬಹಳ ಉದ್ದ. ಕ್ಯಾಬೊಟೆಗ್ರಾವಿರ್ ಕೊನೆಯ ಸೂಜಿಯಾದ ಮೇಲೂ ಕೆಲವರ ರಕ್ತದಲ್ಲಿ ವರ್ಷದ ತನಕ ಸ್ವಲ್ಪ ಸ್ವಲ್ಪ ಉಳಿಯುತ್ತದೆ. ಒಂದು ಸೂಜಿ ತಪ್ಪಿದರೆ ಎಷ್ಟು ದಿನದೊಳಗೆ ಗುಳಿಗೆ ಶುರು ಮಾಡಬೇಕು? ಈಗ ನಾನು ಕೂತು ಬರೆಯುತ್ತಿರುವ ಮಾದರಿ ಇದರದ್ದು. ತಪ್ಪುವ ದಿನಗಳನ್ನು ಸುಮ್ನೆ ಯಾದೃಚ್ಛಿಕವಾಗಿ ಹಾಕದೆ, ಕೆಲಸದವರು ಊರಿಗೆ ಹೋಗುವ ನಿಜವಾದ ದಿನಗಳನ್ನೇ ಹಾಕಬೇಕು ಅಂತ ಅಕ್ಕನನ್ನು ಕೇಳಿದ್ದೇನೆ. ಯಾರ ಹೆಸರೂ ಇಲ್ಲದೆ, ತಿಂಗಳು ಮತ್ತು ದಿನಗಳ ಲೆಕ್ಕ ಮಾತ್ರ ಕೊಡುತ್ತೇನೆ ಅಂದಿದ್ದಾರೆ. ಉಗಾದಿ, ಜಾತ್ರೆ, ಬಿತ್ತನೆ, ಮದುವೆ, ಇವಿಷ್ಟು ಈಗಾಗಲೇ ಪಟ್ಟಿಯಲ್ಲಿವೆ.