ಮರಳಿನ ಜಾಡು ಹಿಡಿದು

ಆಸ್ಟ್ರೇಲಿಯಾದ ಪೋರ್ಟ್ ಸ್ಟೀಫನ್ಸ್ ಕೊಲ್ಲಿಗೆ ಆ ರಾತ್ರಿ ಇಳಿದಾಗ ನೀರು ಪೂರ್ತಿ ತಗ್ಗಲು ಇನ್ನೂ ಒಂದು ತಾಸಿತ್ತು. ಹೈಡಾಟಿನಾ ಫೈಸಿಸ್ ಹುಡುಕಲು ಇದೇ ಸರಿಯಾದ ಹೊತ್ತು. ಹಗಲು ಮರಳೊಳಗೆ ಹೂತಿದ್ದು, ಕತ್ತಲಾದ ಮೇಲೆ ಹೊರಬರುವ ಕಡಲ ಬಸವನಹುಳು ಇದು. ತಡವಾದರೆ ಉಬ್ಬರದ ನೀರು ಜಾಡನ್ನೆಲ್ಲ ಅಳಿಸಿಬಿಡುತ್ತದೆ.

ಹುಳುವನ್ನಲ್ಲ, ಜಾಡನ್ನೇ ಹುಡುಕಬೇಕು. ಟಾರ್ಚನ್ನು ನೇರ ಕೆಳಕ್ಕೆ ಬಿಟ್ಟರೆ ಮರಳು ಸಪಾಟಾಗಿ ಕಾಣುತ್ತದೆ. ಓರೆಯಾಗಿ ಹಿಡಿದಾಗ ಸಣ್ಣ ಗೆರೆಗೂ ನೆರಳು ಬೀಳುತ್ತದೆ. ತಲೆಯ ಅಗಲ ಚಪ್ಪಟೆ ಭಾಗದಿಂದ ಮರಳು ಸರಿಸುತ್ತ ಹೋಗುವುದರಿಂದ ಹಿಂದೆ ಬಾಗುಬಾಗಾದ ಗೆರೆ ಉಳಿಯುತ್ತದೆ. ಅದರ ತುದಿಯಲ್ಲೇ ಸಿಕ್ಕಿತು: ಸುಮಾರು ನಾಲ್ಕು ಸೆಂ.ಮೀ. ಚಿಪ್ಪು, ಬಿಳಿಯ ಮೇಲೆ ಒತ್ತೊತ್ತಾದ ಕಂದು ಗೆರೆ, ಸುತ್ತಲೂ ನೆರಿಗೆ ಬಿಚ್ಚಿದಂತೆ ಹರಡಿದ ಮೈ. ಅಂಚಿನುದ್ದಕ್ಕೂ ನೀಲಿ ಮಿಂಚು. ಇಷ್ಟು ಚೆಲುವಾದ ಕಡಲ ಹುಳು ಕಡಿಮೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ ಇದನ್ನು ಬುಲ್ಲಾ ಕುಲಕ್ಕೆ ಸೇರಿಸಿದ್ದ. ಲ್ಯಾಟಿನ್‌ನಲ್ಲಿ ಆ ಮಾತಿಗೆ ಗುಳ್ಳೆ ಎಂದರ್ಥ.

ಎತ್ತುವಾಗ ಎರಡು ಬೆರಳಲ್ಲಿ ಹಿಡಿಯಲೇಬಾರದು. ಚಿಪ್ಪಿನ ಬಾಯಂಚು ಹಾಳೆಯಷ್ಟು ತೆಳು, ಸ್ವಲ್ಪ ಒತ್ತಿದರೂ ಸೀಳುತ್ತದೆ. ಬಾಯಿ ಮುಚ್ಚಿಕೊಳ್ಳಲು ಮುಚ್ಚಳವೂ ಇಲ್ಲ. ಅಂಚು ಮುರಿದರೆ ಏಡಿಗೆ ದಾರಿ ಮಾಡಿಕೊಟ್ಟಂತೆ. ಚಪ್ಪಟೆ ಪ್ಲಾಸ್ಟಿಕ್ ತಟ್ಟೆಯನ್ನು ಅದರ ಮುಂದೆ ಮರಳೊಳಗೆ ತೂರಿಸಿ, ಮರಳು ನೀರಿನ ಸಮೇತ ಎತ್ತಬೇಕು. ತಟ್ಟೆಯಲ್ಲಿ ಎರಡು ಮೂರು ನಿಮಿಷ ಇಟ್ಟರೆ ಸಾಕು; ಅಷ್ಟು ಕೊಂಚ ನೀರು ಬೇಗ ಬಿಸಿಯಾಗುತ್ತದೆ. ತಪ್ಪಿಯೂ ಸಿಹಿನೀರು ತಾಗಿಸಬಾರದು.

ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಆಸೆ ಬೇಡ. ಇದರ ಊಟ ಮರಳಲ್ಲಿರುವ ಸಿರಾಟುಲಿಡ್ ಎಂಬ ಉದ್ದನೆಯ, ಉಂಗುರಮೈಯ ಹುಳುಗಳು. ಅವಿಲ್ಲದ ತೊಟ್ಟಿಯಲ್ಲಿ ಪಾಚಿಯನ್ನೋ ಮೀನಿನ ಆಹಾರವನ್ನೋ ಹಾಕಿ ಕಾದರೆ ಅದು ಹಸಿದೇ ಸಾಯುತ್ತದೆ.

ಪಕ್ಕದಲ್ಲೇ ಬಿಳಿ ನೆರಿಗೆಯ ಮುದ್ದೆಯೊಂದು ನೀರಲ್ಲಿ ತೂಗುತ್ತಿತ್ತು. ಅದು ಮೊಟ್ಟೆ. ಲೋಳೆಯ ಎಳೆಯೊಂದು ಅದನ್ನು ಮರಳಿಗೆ ಕಟ್ಟಿಹಾಕಿರುತ್ತದೆ. ಎಳೆದು ನೋಡಿದರೆ ಆ ಎಳೆ ಕಿತ್ತು ಮುದ್ದೆ ತೇಲಿಹೋಗುತ್ತದೆ, ಆದ್ದರಿಂದ ನೋಡಿ ಬಿಡಬೇಕು.

ಖಾಲಿ ಚಿಪ್ಪು ಸಿಕ್ಕಿದ್ದರೆ, ಅಲ್ಲಿನ ನಿಯಮ ಒಪ್ಪಿದರಷ್ಟೇ ತರಬೇಕು. ಸಿಹಿನೀರಲ್ಲಿ ನೆನೆಸಿ ಉಪ್ಪು ತೆಗೆದು ನೆರಳಲ್ಲಿ ಒಣಗಿಸಿ. ಸುತ್ತಿಡಲು ಹತ್ತಿ ಬೇಡ, ಅದರ ಎಳೆ ಅಂಚಿಗೆ ಸಿಕ್ಕಿಕೊಂಡು ತೆಗೆಯುವಾಗ ಒಡೆಯುತ್ತದೆ. ಮೆತ್ತನೆ ಟಿಶ್ಯೂ ಕಾಗದ ಒಳ್ಳೆಯದು.

ತಟ್ಟೆಯನ್ನು ಅದೇ ಜಾಗದಲ್ಲಿ ವಾಲಿಸಿದಾಗ ಮೊದಲು ತಲೆ ಮರಳಿಗೆ ಹೊಕ್ಕಿತು, ನಂತರ ನೀಲಿ ಅಂಚು, ಕೊನೆಗೆ ಚಿಪ್ಪಿನ ಕಂದು ಗೆರೆಗಳು.