ಝಂಪೆಯಲ್ಲಿ ರ್ಯಾಪ್, ಸುರಂಗದಲ್ಲಿ ಬಲೂನು: ಆರು ವಾರದ ಲೆಕ್ಕ

ಮೊದಲ ವಾರ

ಕೆಲಸ ಇಷ್ಟೇ. ಮೂರು ನಿಮಿಷದ ಒಂದು ಕನ್ನಡ ರ್ಯಾಪ್ ಹಾಡು. ಬೀಟ್ ನನ್ನದು, ಮಾತು ಚಿಕ್ಕಪ್ಪನ ಮಗನದ್ದು. ಊರು ಕುಂಬಳೆಯ ಒಳಗೆ, ಬಸ್ಸಿಳಿದು ಇನ್ನೂ ಸ್ವಲ್ಪ ನಡೆಯಬೇಕು. ಸಾಮಾನು ಅಂದರೆ ಒಂದು ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಎಫ್‌ಎಲ್ ಸ್ಟುಡಿಯೋ ಎಂಬ ಹಾಡು ಕಟ್ಟುವ ಸಾಫ್ಟ್‌ವೇರು, ಒಂದು ಮೈಕ್, ಮತ್ತು ಅತ್ತಿಗೆಯ ಸೀರೆ ಕಪಾಟು. ಕಪಾಟಿನ ಬಾಗಿಲು ತೆರೆದು, ಸೀರೆಗಳ ಕಡೆ ಮುಖ ಮಾಡಿ ಹಾಡಿದರೆ ಗೋಡೆಯ ಪ್ರತಿಧ್ವನಿ ಬರುವುದಿಲ್ಲ. ರೇಷ್ಮೆಗಿಂತ ಕಾಟನ್ ಒಳ್ಳೆಯದು. ಇದು ನನ್ನ ಸ್ವಂತ ಸಂಶೋಧನೆ.

ಹಾಡಿಗಿಂತ ಮೊದಲು ಹೆಸರು ಬೇಕಂತೆ. ಅಮೆರಿಕದ ರ್ಯಾಪರ್‌ಗಳಲ್ಲಿ ಅರ್ಧ ಜನರ ಹೆಸರು 'ಲಿಲ್' ಅಂತ ಶುರುವಾಗುತ್ತದೆ, ಅಂದರೆ ಸಣ್ಣವ. ಹಾಗಾಗಿ ಇವನು 'ಲಿಲ್ ಮಾಣಿ' ಆಗುತ್ತಾನಂತೆ. ಮಾಣಿ ಅಂದರೆ ನಮ್ಮಲ್ಲಿ ಹುಡುಗ. ಅಲ್ಲಿಗೆ ಸಣ್ಣ ಹುಡುಗ ಅಂತಾಯಿತು. ತೂಕ 92 ಕಿಲೋ. ನಾನೇನೂ ಹೇಳಲಿಲ್ಲ.

ಎರಡನೇ ವಾರ

ಮಾತು ಬರೆದು ತಂದ. ಓದಿದೆ:

ಪೇಟೆಗೆ ಬಂದೆ
ಬೈಕಲ್ಲಿ ನಿಂದೆ
ಬಿರಿಯಾನಿ ತಿಂದೆ
ಬಾಸ್ ನಾನೇ ಎಂದೆ

"ಹೇಗೆ ಪ್ರಾಸ?" ಅಂದ. ಪ್ರಾಸವೇನೋ ಇದೆ. ಆದರೆ ಅದು ನಿನ್ನದಲ್ಲ ಮಾರಾಯ, ವ್ಯಾಕರಣದ್ದು. ಕನ್ನಡದಲ್ಲಿ ಕ್ರಿಯಾಪದ ಬಂದು ಕೂರುವುದೇ ವಾಕ್ಯದ ಕೊನೆಗೆ. ಬಂದೆ, ತಿಂದೆ, ಎಂದೆ. ಸುಮ್ನೆ ಅಂಗಡಿ ಚೀಟಿ ಬರೆದರೂ ಕೊನೆಯಲ್ಲಿ ಪ್ರಾಸ ಸಿಗುತ್ತದೆ. ಇಂಗ್ಲಿಷಿನವನಿಗೆ ಅದು ಬೆವರು ಸುರಿಸಿ ಸಿಗುವ ಮಾಲು, ನಮಗೆ ಸೊಪ್ಪಿನ ಜೊತೆ ಕೊಡುವ ಕರಿಬೇವು.

ಹಳೆಯ ಕನ್ನಡ ಕವಿಗಳು ಇದನ್ನು ನಂಬಿ ಕೂರಲಿಲ್ಲ. ಅವರದ್ದು ಆದಿಪ್ರಾಸ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ ಆಗಬೇಕು. ಅದು ಪುಕ್ಕಟೆ ಸಿಗುವುದಿಲ್ಲ, ಹುಡುಕಬೇಕು. ತಮಾಷೆ ಏನೆಂದರೆ, ಆ ಕಟ್ಟನ್ನು ಬಿಚ್ಚಿದವರು ನಮ್ಮ ಪಕ್ಕದವರೇ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಎರಡನೇ ಅಕ್ಷರದ ಪ್ರಾಸವನ್ನು ಕೈಬಿಟ್ಟರು. ಹೊಸ ಕನ್ನಡ ಕವಿತೆಗೆ ಉಸಿರಾಡಲು ಜಾಗ ಸಿಕ್ಕಿತು. ಅದೇ ತಾಲೂಕಿನಲ್ಲಿ ಕೂತು ನಾವು ಈಗ ಆ ಹಗ್ಗವನ್ನು ಹುಡುಕಿ ತಂದು ಮತ್ತೆ ಕಟ್ಟಿಕೊಳ್ಳುತ್ತಿದ್ದೇವೆ.

ನಿಯಮ ಮಾಡಿದೆ. ಸಾಲಿನ ಕೊನೆಗೆ ಕ್ರಿಯಾಪದ ಬಂದರೆ ಹತ್ತು ರೂಪಾಯಿ ದಂಡ. ವಾರದ ಕೊನೆಗೆ ನನ್ನ ಹತ್ತಿರ 180 ರೂಪಾಯಿ ಇತ್ತು.

ಮೂರನೇ ವಾರ

ಯಕ್ಷಗಾನ ಮೇಳದ ತಿರುಗಾಟದ ನಡುವೆ ಬಿಡುವು ಮಾಡಿಕೊಂಡು ಚೆಂಡೆಯವರು ಬಂದರು. ಚೆಂಡೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ. ಮಾಡುವುದೇ ಆದರೆ ಫೋನನ್ನು ಹದಿನೈದು ಅಡಿ ದೂರ ಇಟ್ಟು ಮೇಲೊಂದು ಬೈರಾಸು ಹಾಕಿ. ಇಲ್ಲದಿದ್ದರೆ ಶಬ್ದ ಒಡೆದು, ತಗಡಿನ ಮೇಲೆ ತೆಂಗಿನಕಾಯಿ ಬಿದ್ದ ಹಾಗೆ ಕೇಳುತ್ತದೆ.

ಅವರು ಬಾರಿಸಿದ್ದು ಝಂಪೆ ತಾಳ, ಒಂದು ಸುತ್ತಿಗೆ ಹತ್ತು ಮಾತ್ರೆ. ನನ್ನ ಸಾಫ್ಟ್‌ವೇರಿನ ಪೆಟ್ಟಿಗೆಯಲ್ಲಿ ಹದಿನಾರು ಮನೆ, ಅಷ್ಟು ಸೇರಿದರೆ ಒಂದು ಬಾರ್. ಹತ್ತು ಹದಿನಾರರಲ್ಲಿ ಕೂರುವುದಿಲ್ಲ. ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಶಾಲೆಯ ಲಸಾಅ ನೆನಪಾಯಿತು. 80! ಝಂಪೆ ಎಂಟು ಸುತ್ತು ಬರುವಾಗ ನನ್ನ ಡ್ರಮ್ಮು ಐದು ಬಾರ್ ಮುಗಿಸಿರುತ್ತದೆ, ಇಬ್ಬರೂ ಒಟ್ಟಿಗೆ 'ಧೀಂ' ಎನ್ನುತ್ತಾರೆ. ನಿಮಿಷಕ್ಕೆ 140 ಎಣಿಕೆ, ಎಣಿಕೆಗೆ ನಾಲ್ಕು ಮನೆ; ಆ ವೇಗದಲ್ಲಿ ಸುಮಾರು ಎಂಟೂವರೆ ಸೆಕೆಂಡಿಗೊಮ್ಮೆ. ರ್ಯಾಪರ್‌ಗಳು ಒಂದು ಚರಣಕ್ಕೆ ಹದಿನಾರು ಬಾರ್ ಬರೆಯುತ್ತಾರೆ. ಹದಿನೈದರಲ್ಲಿ ಮೂರು ಭೇಟಿ ಮುಗಿಯುತ್ತದೆ, ಒಂದು ಬಾರ್ ಉಳಿಯುತ್ತದೆ. ಅಲ್ಲಿ ರ್ಯಾಪರ್ ಬಾಯಿ ಮುಚ್ಚಬೇಕು, ಚೆಂಡೆಯ ಮುಕ್ತಾಯ ಬರುತ್ತದೆ. ರ್ಯಾಪರ್ ಬಾಯಿ ಮುಚ್ಚುವ ಬಾರ್ ಕಂಡುಹಿಡಿದದ್ದಕ್ಕೆ ನನಗೆ ಏನಾದರೂ ಕೊಡಬೇಕು.

ತಪ್ಪು ಮಾಡಿದ್ದು ಆಮೇಲೆ. ಪ್ರತಿ ಪೆಟ್ಟನ್ನೂ ಎಳೆದು ಎಳೆದು ಗೆರೆಯ ಮೇಲೆಯೇ ಕೂರಿಸಿದೆ. ಕ್ವಾಂಟೈಸ್, ನೂರಕ್ಕೆ ನೂರು. ಚೆಂಡೆಯವರಿಗೆ ಕೇಳಿಸಿದೆ. "ಇದು ಯಾರು, ಹೊಲಿಗೆ ಮಿಷನ್ನಾ?" ಅಂದರು.

ಡೆಟ್ರಾಯಿಟಿನ ಜೆ ಡಿಲ್ಲಾ ಎಂಬ ಪ್ರೊಡ್ಯೂಸರ್ ಇದೇ ಕಾರಣಕ್ಕೆ ಹೆಸರಾದವನು. ಮಿಷನ್ನಿನ ಶಿಸ್ತಿಗೆ ಪೆಟ್ಟನ್ನು ಒಪ್ಪಿಸದೆ, ಬೆರಳಿನ ಸೋಮಾರಿತನವನ್ನು ಹಾಗೆಯೇ ಬಿಡುತ್ತಿದ್ದ. 2006ರಲ್ಲಿ ತೀರಿಕೊಂಡ. ಅವನು ಬೀಟ್ ಮಾಡುತ್ತಿದ್ದ ಎಂಪಿಸಿ 3000 ಮಿಷನ್ನು ಈಗ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ. ನಾನು ಅನ್‌ಡು ಒತ್ತಿ ಎಲ್ಲ ಪೆಟ್ಟುಗಳನ್ನೂ ಅವುಗಳ ಮನೆಗೆ ವಾಪಸ್ ಕಳಿಸಿದೆ.

ನಾಲ್ಕನೇ ವಾರ

808 ಬೇಸ್ ಹಾಕಿದೆ. ಇದರ ಮೂಲ ರೋಲ್ಯಾಂಡ್ ಕಂಪನಿಯ ಟಿಆರ್-808 ಎಂಬ ಡ್ರಮ್ ಮಿಷನ್ನು. 1980ರಲ್ಲಿ ಬಂತು, 1983ಕ್ಕೆ ನಿಂತೂ ಹೋಯಿತು. ನಿಜವಾದ ಡ್ರಮ್ಮಿನ ಹಾಗೆ ಕೇಳುವುದಿಲ್ಲ ಅಂತ ಆಗ ಜನ ದೂರಿದರು. ಸೆಕೆಂಡ್‌ಹ್ಯಾಂಡ್ ಅಗ್ಗಕ್ಕೆ ಸಿಕ್ಕಿತು, ಕೈಯಲ್ಲಿ ಕಾಸಿಲ್ಲದ ಹುಡುಗರು ಎತ್ತಿಕೊಂಡರು. ಈಗ ಅದಿಲ್ಲದೆ ಹಾಡೇ ಇಲ್ಲ. ನಮ್ಮ ಅಟ್ಟದ ಮೇಲಿನ ಸಾಮಾನನ್ನು ಇನ್ನು ಯಾರೂ ಗುಜರಿಗೆ ಕೊಡಬಾರದು ಅಂತ ಮನೆಯಲ್ಲಿ ಹೇಳಿದ್ದೇನೆ.

ಫೋನಿನಲ್ಲಿ ಈ ಬೇಸ್ ಕೇಳುವುದೇ ಇಲ್ಲ, ಅಷ್ಟು ತಗ್ಗಿನ ಶಬ್ದ ಆ ಸಣ್ಣ ಸ್ಪೀಕರಿಗೆ ಆಗುವುದಿಲ್ಲ. ಸ್ವಲ್ಪ ಡಿಸ್ಟಾರ್ಶನ್ ಹಾಕಿ ಒರಟು ಮಾಡಿದರೆ ಮೇಲಿನ ಸ್ವರಗಳು ಹುಟ್ಟುತ್ತವೆ, ಕಿವಿ ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ಪೇಟೆಯ ಒಂದು ಆಟೋದಲ್ಲಿ ಹಾಕಿ ನೋಡಿದೆವು. ಅಲ್ಲಿ ಬೇಸ್ ಮಾತ್ರ ಕೇಳಿತು. ಹಿಂದಿನ ನಂಬರ್ ಪ್ಲೇಟೂ ಕೇಳಿತು.

ಪ್ರೊಡ್ಯೂಸರ್ ಟ್ಯಾಗ್ ಬಗ್ಗೆ ಜಗಳವಾಯಿತು. ಹಾಡು ಶುರುವಾಗುವ ಮೊದಲು ಬೀಟ್ ಮಾಡಿದವನ ಹೆಸರು ಕೂಗುವುದು ಇವರ ಪದ್ಧತಿ. ಡಿಜೆ ಖಾಲೆದ್ ಅಂತೂ ತನ್ನ ಹೆಸರು ಕೂಗಿಯೇ ಹೆಸರು ಮಾಡಿದವನು. ದಾಸರು ಪದ ಪೂರ್ತಿ ಹೇಳಿ ಕೊನೆಗೆ ಅಂಕಿತ ಹಾಕುತ್ತಿದ್ದರು, ಅದೂ ದೇವರ ಹೆಸರಿನಲ್ಲಿ. ಇಲ್ಲಿ ಏನೂ ಮಾಡುವ ಮೊದಲೇ ರುಜು. ನಾನು ಬೇಡ ಅಂದೆ. ಆದರೆ ಪ್ರತಿ ಟೇಕಿನಲ್ಲೂ ಅಮ್ಮನ ಕೂಗು ನುಗ್ಗಿತ್ತು: "ಮಳೆ ಬಂತು, ಅಡಿಕೆ ಒಳಗೆ ಹಾಕಿ!" ತೆಗೆಯಲಾಗಲಿಲ್ಲ. ಈಗ ಅದೇ ಟ್ಯಾಗ್.

ಐದನೇ ವಾರ

ಹನುಮಾನ್‌ಕೈಂಡ್ ಎಂಬ ರ್ಯಾಪರ್ 2024ರಲ್ಲಿ ಕೇರಳದ ಪೊನ್ನಾನಿಯಲ್ಲಿ, ಗೋಡೆಯ ಮೇಲೆ ಬೈಕ್ ಓಡಿಸುವ ಮರಣಬಾವಿಯೊಳಗೆ ವಿಡಿಯೋ ಮಾಡಿದ್ದು ಲಿಲ್ ಮಾಣಿಯ ತಲೆಯಲ್ಲಿ ಕೂತಿದೆ. ತನಗೂ ಒಂದು ಬಾವಿ ಬೇಕಂತೆ. ನಮ್ಮಲ್ಲಿರುವುದು ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು, ಒಬ್ಬ ಬಗ್ಗಿ ಹೋಗುವಷ್ಟು ಅಗಲ, ನೀರು ತಾನಾಗಿ ಹರಿದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ಬೈಕ್ ಓಡಿಸುವ ಮಾತೇ ಇಲ್ಲ. ಆದರೆ ಅದರ ಗುಂಯ್ ಎನ್ನುವ ಪ್ರತಿಧ್ವನಿ ನನಗೆ ಬೇಕಿತ್ತು.

ಅದನ್ನು ಹಿಡಿಯುವ ಉಪಾಯ ಸುಲಭ. ಒಳಗೆ ಒಂದು ಬಲೂನು ಒಡೆದು ರೆಕಾರ್ಡ್ ಮಾಡಬೇಕು. ಆ ಶಬ್ದವನ್ನು ಕನ್ವಾಲ್ವರ್ ಪ್ಲಗಿನ್ನಿಗೆ ಕೊಟ್ಟರೆ, ಕಪಾಟಿನಲ್ಲಿ ಹಾಡಿದ್ದೂ ಸುರಂಗದಲ್ಲಿ ಹಾಡಿದ ಹಾಗೆ ಕೇಳುತ್ತದೆ. ಬಲೂನು ಒಡೆದೆ. ಬಾವಲಿಗಳು ನನ್ನ ತಲೆಯ ಮೇಲಿಂದ ಹೊರಗೆ ಹೋದವು. ಅವುಗಳಿಗಿಂತ ಮೊದಲು ಲಿಲ್ ಮಾಣಿ ಹೊರಗಿದ್ದ. ಬೇರೆ ಬಲೂನು ಒಡೆಯಲಿಲ್ಲ, ಬಾವಲಿಗಳಿಗೆ ಮುಖ ತೋರಿಸುವ ಧೈರ್ಯ ಬರಲಿಲ್ಲ. ಒಂದೇ ಸಾಕಾಯಿತು.

ಪತ್ತನಾಜೆಯ ಮರುವಾರ

ಪತ್ತನಾಜೆ ಅಂದರೆ ಮೇಳಗಳ ತಿರುಗಾಟ ಮುಗಿಯುವ ದಿನ. ಅದು ಕಳೆದರೂ ಬಡಾಯಿಯ ಸಮಸ್ಯೆ ಉಳಿದಿತ್ತು. ಎರಡನೇ ಚರಣದಲ್ಲಿ ಇವನ ಬಳಿ ಲ್ಯಾಂಬೋರ್ಗಿನಿ ಇತ್ತು. ನಿಜಕ್ಕೂ ಇರುವುದು ಅಪ್ಪನ ಸ್ಕೂಟರು. ತಾಳಮದ್ದಳೆಯ ರಾವಣನ ಪೀಠಿಕೆ, ಅಂದರೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮೊದಲ ಮಾತು, ಕೇಳಿಸಿದೆ. ತಾಳಮದ್ದಳೆಯ ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಹುಟ್ಟಿದ ಸೀಮೆಯಲ್ಲಿದ್ದುಕೊಂಡು ಬಡಾಯಿಯನ್ನು ಹೊರಗಿನಿಂದ ತರಿಸುವುದು ನಾಚಿಕೆ ಅಲ್ವಾ? ಕೈಲಾಸ ಎತ್ತಿದವನ ಎದುರು ಲ್ಯಾಂಬೋರ್ಗಿನಿ ಏನು ಮಹಾ! ಅದೂ ಅಲ್ಲದೆ ಹಿಪ್‌ಹಾಪ್ ಹುಟ್ಟಿದ್ದೇ ಬಡಾಯಿಗಲ್ಲ. 1973ರ ಆಗಸ್ಟ್ 11ರಂದು ಬ್ರಾಂಕ್ಸಿನಲ್ಲಿ ಡಿಜೆ ಕೂಲ್ ಹರ್ಕ್ ನುಡಿಸಿದ ಪಾರ್ಟಿ ಇಟ್ಟದ್ದು ಅವನ ತಂಗಿ, ಶಾಲೆಗೆ ಹೊಸ ಬಟ್ಟೆ ಕೊಳ್ಳುವ ದುಡ್ಡಿಗೆ. ಟಿಕೆಟ್ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50.

ಲಿಲ್ ಮಾಣಿ ಎರಡು ದಿನ ಮುಖ ಕೊಡಲಿಲ್ಲ. ಮೂರನೇ ದಿನ ಹೀಗೆ ಬರೆದು ತಂದ:

ಮಳೆ ಬಿಟ್ಟರೆ ಜಾಲಿನಲ್ಲಿ ಅಡಿಕೆ
ಕೊಳೆ ಬಂದರೆ ಮದ್ದಿನ ಬಿಲ್ಲು
ಬೆಳೆಸಾಲ, ಬಡ್ಡಿ, ನೋಟೀಸು
ಗೆಳೆಯಾ, ನನ್ನ ಚೈನು ರೋಲ್ಡ್ ಗೋಲ್ಡು

ನಾಲ್ಕು ಸಾಲು, ಒಂದೂ ಕ್ರಿಯಾಪದದಲ್ಲಿ ಮುಗಿಯುವುದಿಲ್ಲ. ದಂಡದ ದುಡ್ಡಿನಲ್ಲಿ ಅವನಿಗೇ ಬಿರಿಯಾನಿ ಕೊಡಿಸಿದೆ.

ನಿನ್ನೆ ಮಿಕ್ಸ್ ಮುಗಿಸಿ ಚೆಂಡೆಯವರಿಗೆ ಕಳಿಸಿದೆ. ಮೇಳ ಮುಗಿದು ಮನೆಯಲ್ಲೇ ಇದ್ದರು. ಸಂಜೆ ವಾಯ್ಸ್ ಮೆಸೇಜ್ ಬಂತು: "ಚೆಂಡೆ ಲಾಯ್ಕಾಗಿದೆ. ಅಮ್ಮನ ಸ್ವರವೂ ಲಾಯ್ಕಾಗಿದೆ. ಆ ಮಾತಾಡುವವನು ಯಾಕೆ ಅಷ್ಟು ಗಡಿಬಿಡಿಯಲ್ಲಿದ್ದಾನೆ? ಕೊನೆಯ ಬಸ್ಸು ಇತ್ತಾ?"

ಇವತ್ತು 140ನ್ನು 128ಕ್ಕೆ ಇಳಿಸಿದ್ದೇನೆ. ನಾಳೆ ಮತ್ತೆ ಕಪಾಟು. ಅತ್ತಿಗೆ ಸೀರೆ ಒಗೆಯಲು ಹಾಕಿದ್ದಾಳೆ, ಮಳೆ ಬಿಟ್ಟರೆ ಒಣಗಬೇಕು.